ಹಳೆಯ ಗಾಜಿನ ಗೋಲಿ ಯಾರು ಮಾಡಿದ್ದು? ಮೊದಲು ಎರಡು ತುದಿ ನೋಡಿ

ಗಾಜಿನ ಗೋಲಿಯ ಮೇಲೆ ತಯಾರಕರ ಹೆಸರಿರುವುದಿಲ್ಲ. ಮುದ್ರೆಯಿಲ್ಲ, ಸಂಖ್ಯೆಯಿಲ್ಲ, ಇಸವಿಯಿಲ್ಲ. ಇರುವುದು ಮೂರೇ ಸಾಕ್ಷಿ: ಗಾಜು, ಬಣ್ಣ, ಕಾದ ಗಾಜನ್ನು ಕತ್ತರಿಸಿ ಉರುಳಿಸುವಾಗ ಅದರ ಮೈಮೇಲೆ ಉಳಿದ ಗುರುತು. ಎಲ್ಲರ ಕಣ್ಣೂ ಮೊದಲು ಹೋಗುವುದು ಬಣ್ಣಕ್ಕೆ. ನಾನು ಆ ಕ್ರಮವನ್ನು ತಿರುಗಿಸಿ ಹೇಳುತ್ತೇನೆ. ಕತ್ತರಿಸಿದ ಗುರುತು ಮೊದಲು, ಗಾಜು ಆಮೇಲೆ, ಬಣ್ಣ ಕಟ್ಟಕಡೆಗೆ.

ಇದಕ್ಕೆ ಕಾರಣವಿದೆ. ಬಣ್ಣ ಊರೂರು ಅಲೆದಿದೆ. ಅಮೆರಿಕದಲ್ಲಿ 1930ರಲ್ಲಿ ಶುರುವಾದ ಮಾಸ್ಟರ್ ಮಾರ್ಬಲ್ ಕಂಪನಿಯನ್ನು ಕಟ್ಟಿದವರು ಅಕ್ರೊ ಅಗೇಟ್ ಎಂಬ ಇನ್ನೊಂದು ಗೋಲಿ ಕಂಪನಿಯಲ್ಲೇ ಕೆಲಸ ಕಲಿತವರು. ಬಣ್ಣದ ಪಾಕ ಬಲ್ಲವರು ಕಾರ್ಖಾನೆ ಬದಲಿಸಿದಾಗ ಪಾಕವೂ ಅವರ ಜೊತೆ ಹೋಗುತ್ತಿತ್ತು. ಎಷ್ಟೋ ಸಣ್ಣ ಕಾರ್ಖಾನೆಗಳು ಬೇರೆ ಗಾಜಿನ ಕಾರ್ಖಾನೆಗಳ ಒಡಕು ಗಾಜನ್ನು ಕೊಂಡು ತಂದು ಕರಗಿಸುತ್ತಿದ್ದವು. ಹಾಗಾಗಿ ಒಂದೇ ಹಸಿರು, ಒಂದೇ ಕೆಂಪು ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದೆ. ಗಾಜು ಕತ್ತರಿಸುವ ಕತ್ತರಿ, ಅದು ಬಿದ್ದು ತಿರುಗುವ ಬಗೆ, ಅದನ್ನು ಉರುಳಿಸುವ ರೋಲರು ಮಾತ್ರ ಅಷ್ಟು ಸುಲಭವಾಗಿ ಬದಲಾಗುತ್ತಿರಲಿಲ್ಲ.

ನಾನು ಕಸುಬಿನಲ್ಲಿ ಡ್ರಾಫ್ಟ್ಸ್‌ಮನ್. ಯಾವ ವಸ್ತುವನ್ನಾಗಲಿ ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ಬರೆದು ನೋಡಿದ ಮೇಲೆಯೇ ಅದು ಅರ್ಥವಾಗುವುದು ಎಂದು ನಂಬಿದವನು. ಗೋಲಿಗಳನ್ನೂ ಹಾಗೆಯೇ ನೋಡುತ್ತೇನೆ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಗೋಲಿಗೂ ಎರಡು ವೃತ್ತ ಇರುತ್ತವೆ. ಒಂದರಲ್ಲಿ ಮೇಲಿನ ತುದಿ, ಇನ್ನೊಂದರಲ್ಲಿ ಕೆಳಗಿನ ತುದಿ. ಚಿತ್ರ ಚೆನ್ನಾಗಿ ಬರಬೇಕಾಗಿಲ್ಲ. ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಪೆನ್ಸಿಲಿನಲ್ಲಿ ಹಿಂಬಾಲಿಸುವಾಗ, ಕಣ್ಣು ಅಲ್ಲಿಯವರೆಗೆ ಹಾರಿಸಿಕೊಂಡು ಹೋಗಿದ್ದ ವಿವರ ಸಿಗುತ್ತದೆ.

ಮೇಜಿನ ಮೇಲೆ ಏನಿರಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಕುತ್ತಿಗೆ ಬಾಗಿಸಬಹುದಾದ ದೀಪ, ಸಣ್ಣ ಟಾರ್ಚ್, ವರ್ನಿಯರ್ ಕ್ಯಾಲಿಪರ್, ಕೆಳಗೆ ದಪ್ಪ ಬಟ್ಟೆ. ಗೋಲಿ ಉರುಳದಂತೆ ಕೂರಿಸಲು ಬಾಟಲಿಯ ಮುಚ್ಚಳ ಸಾಕು. ಕೊಳೆಯಿದ್ದರೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಅಷ್ಟೇ. ಬಿಸಿನೀರು ಬೇಡ. ಹಳೆಯ ಗಾಜಿನೊಳಗೆ ಕಾಣದ ಬಿರುಕಿದ್ದರೆ ಬಿಸಿಗೆ ಅದು ಬೆಳೆಯುತ್ತದೆ. ಪಾಲಿಶ್ ಅಂತೂ ಬೇಡವೇ ಬೇಡ. ಮೇಲ್ಮೈ ಉಜ್ಜಿದರೆ ನಾವು ಹುಡುಕುತ್ತಿರುವ ಗುರುತೇ ಅಳಿಸಿಹೋಗುತ್ತದೆ, ಬೆಲೆಯೂ ಬೀಳುತ್ತದೆ.

ದೀಪವನ್ನು ನೆತ್ತಿಯ ಮೇಲಿಡದೆ ಪಕ್ಕಕ್ಕೆ ತಗ್ಗಿಸಿ ಇಡಿ. ಓರೆ ಬೆಳಕಿನಲ್ಲಿ ಗೋಲಿಯನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಗೆರೆಗಳು ಒಟ್ಟುಗೂಡುತ್ತವೆ, ಅಥವಾ ಬಣ್ಣ ಥಟ್ಟನೆ ನಿಲ್ಲುತ್ತದೆ, ಅಥವಾ ಸಣ್ಣ ಸುಕ್ಕೊಂದು ಕಾಣುತ್ತದೆ. ಅದೇ ಒಂದು ತುದಿ. ಸಾಮಾನ್ಯವಾಗಿ ಅದರ ನೇರ ಎದುರಿಗೆ ಇನ್ನೊಂದು ಇರುತ್ತದೆ. ಈ ಎರಡೂ ಸಿಗುವವರೆಗೆ ಯಾವ ಕಂಪನಿಯ ಹೆಸರನ್ನೂ ಮನಸ್ಸಿಗೆ ತಂದುಕೊಳ್ಳಬೇಡಿ. ಹೆಸರು ಮೊದಲೇ ಹೊಳೆದುಬಿಟ್ಟರೆ ಕಣ್ಣು ಅದಕ್ಕೆ ತಕ್ಕ ಸಾಕ್ಷಿಯನ್ನಷ್ಟೇ ಹುಡುಕುತ್ತದೆ.

ಕೈಯೋ, ಯಂತ್ರವೋ

ಮೊದಲ ಪ್ರಶ್ನೆ ಇದು. ತುದಿಯಲ್ಲಿ ಒರಟಾದ, ಮುರಿದ ಹಾಗಿರುವ ಅಥವಾ ಉಜ್ಜಿ ಸಮಮಾಡಿದ ಸಣ್ಣ ಜಾಗವಿದ್ದರೆ ಅದು ಪಾಂಟಿಲ್ ಗುರುತು. ಗೋಲಿಯನ್ನು ಗಾಜಿನ ಕೋಲಿನಿಂದ ಕತ್ತರಿಸಿ ತೆಗೆದ ಜಾಗ. ಯಂತ್ರದ ಗೋಲಿಯಲ್ಲಿ ಪಾಂಟಿಲ್ ಇರುವುದಿಲ್ಲ.

ಕೈಯಿಂದ ಮಾಡಿದ ಹಳೆಯ ಗೋಲಿಗಳ ತವರು ಬಹುಮಟ್ಟಿಗೆ ಜರ್ಮನಿಯ ಥುರಿಂಗಿಯಾ ಪ್ರಾಂತ, ಅದರಲ್ಲೂ ಲೌಶಾ ಪಟ್ಟಣ. 1840ರ ದಶಕದಲ್ಲಿ ಅಲ್ಲಿನ ಎಲಿಯಾಸ್ ಗ್ರೈನರ್ ಗೋಲಿ ಕತ್ತರಿಸಲೆಂದೇ ಒಂದು ಕತ್ತರಿ ರೂಪಿಸಿದರು. ಅದರ ಒಂದು ಬದಿಯಲ್ಲಿ ಬಟ್ಟಲಿನಂಥ ಕುಳಿ, ಇನ್ನೊಂದು ಬದಿಯಲ್ಲಿ ಅಲಗು. ಕಾದ ಬಣ್ಣದ ಕೋಲಿನ ತುದಿಯನ್ನು ಕುಳಿಯಲ್ಲಿ ತಿರುಗಿಸಿ ಗುಂಡಗೆ ಮಾಡಿ ಕತ್ತರಿಸುವುದು, ಮತ್ತೆ ಮುಂದಿನದು. ಅದಕ್ಕೇ ಈ ಗೋಲಿಗಳ ಒಳಗಿನ ಬಣ್ಣದ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಕಡಿಯದೆ ಓಡುತ್ತವೆ, ಎರಡೂ ತುದಿಯಲ್ಲಿ ಪಾಂಟಿಲ್ ಉಳಿಯುತ್ತದೆ. ಮೊದಲ ಮಹಾಯುದ್ಧ ಶುರುವಾದ ಮೇಲೆ ಜರ್ಮನಿಯಿಂದ ಅಮೆರಿಕಕ್ಕೆ ಬರುತ್ತಿದ್ದ ಸರಕು ನಿಂತಿತು. ಆ ಜಾಗವನ್ನು ಅಮೆರಿಕದ ಯಂತ್ರಗಳು ತುಂಬಿದವು.

ಜರ್ಮನಿಯ ಗೋಲಿಗೆ ವ್ಯಕ್ತಿಯ ಅಥವಾ ಕಾರ್ಖಾನೆಯ ಹೆಸರು ಹಚ್ಚಲು ಹೋಗಬೇಡಿ ಎನ್ನುವುದು ನನ್ನ ಸಲಹೆ. ಬದಲಿಗೆ ಅದರ ಬಗೆಯನ್ನು ಸರಿಯಾಗಿ ಗುರುತಿಸಿ. ನಡುವೆ ಬಲೆಯಂತೆ ಹೆಣೆದ ಎಳೆಗಳಿದ್ದರೆ ಲ್ಯಾಟಿಚಿನಿಯೊ. ಬಲೆ ಬಿಳಿಯದಾಗಿದ್ದರೆ ಸಾಮಾನ್ಯ, ಹಳದಿ ಸ್ವಲ್ಪ ಕಡಿಮೆ, ಕೆಂಪು ಅಥವಾ ನೀಲಿಯಾದರೆ ಅಪರೂಪ. ನಡುವೆ ಬಣ್ಣದ ಗಟ್ಟಿ ಕಂಬವಿದ್ದರೆ ಸಾಲಿಡ್ ಕೋರ್, ಬಿಡಿಬಿಡಿ ಪಟ್ಟಿಗಳಾಗಿದ್ದರೆ ಡಿವೈಡೆಡ್ ಕೋರ್. ಬಣ್ಣದ ಚುಕ್ಕೆಗಳನ್ನು ಎಳೆದು ಹಿಗ್ಗಿಸಿ ಒಳಗೆ ಸಿಪ್ಪೆಯಂತೆ ಹೊದಿಸಿದ್ದರೆ ಆನಿಯನ್‌ಸ್ಕಿನ್. ಪಾರದರ್ಶಕ ಗಾಜಿನೊಳಗೆ ಬೆಳ್ಳಗಿನ ಪ್ರಾಣಿಯ ಅಥವಾ ಮನುಷ್ಯನ ಸಣ್ಣ ಮೂರ್ತಿಯಿದ್ದರೆ ಸಲ್ಫೈಡ್. ಇವುಗಳನ್ನು ಒಂದೊಂದಾಗಿ ಮಾಡುತ್ತಿದ್ದರಿಂದ ಪಾಂಟಿಲ್ ಒಂದೇ ಇರುವುದುಂಟು. ತಾಮ್ರದ ಹುಡಿ ಮಿನುಗುವ ಚಿನ್ನದ ಬಣ್ಣದ ಪಟ್ಟಿಯಿದ್ದರೆ ಲುಟ್ಜ್. ಈ ಕೊನೆಯದರಲ್ಲಿ ಎಚ್ಚರ ಬೇಕು. ಅಮೆರಿಕದ ಸ್ಯಾಂಡ್‌ವಿಚ್ ಗಾಜಿನ ಕಾರ್ಖಾನೆಯಲ್ಲಿದ್ದ ನಿಕೋಲಸ್ ಲುಟ್ಜ್ ಅವರ ಹೆಸರು ಇದಕ್ಕೆ ಅಂಟಿಕೊಂಡಿದೆ, ಆದರೆ ಈ ಗೋಲಿಗಳು ಜರ್ಮನಿಯವು. ಮಾರಾಟದ ಚೀಟಿಯಲ್ಲಿ ಲುಟ್ಜ್ ಎಂದಿದ್ದರೆ ಅದು ಬಗೆಯ ಹೆಸರು ಎಂದಷ್ಟೇ ತಿಳಿಯಿರಿ.

ಯಂತ್ರದ ಗೋಲಿಯ ಗುರುತುಗಳು

ಪಾಂಟಿಲ್ ಇಲ್ಲದಿದ್ದರೆ ನಾವು 20ನೇ ಶತಮಾನಕ್ಕೆ, ಬಹುಪಾಲು ಅಮೆರಿಕದ ಒಹಾಯೊ, ಪಶ್ಚಿಮ ವರ್ಜೀನಿಯಾ, ಇಲಿನಾಯ್ ರಾಜ್ಯಗಳಿಗೆ ಬಂದಂತೆ. ಇಲ್ಲಿ ಕಂಪನಿಯ ಹೆಸರು ಹೇಳಬಹುದು. ನಿಧಾನ ಮಾಡಬೇಕಾದದ್ದೂ ಇಲ್ಲಿಯೇ.

ಮೊದಲು ಹುಡುಕಬೇಕಾದದ್ದು '9'. ಒಹಾಯೊದ ಆಕ್ರನ್‌ನಲ್ಲಿ ಮಾರ್ಟಿನ್ ಫ್ರೆಡರಿಕ್ ಕ್ರಿಸ್ಟೆನ್ಸನ್ ಗೋಲಿ ಉರುಳಿಸುವ ಯಂತ್ರಕ್ಕೆ 1905ರಲ್ಲಿ ಪೇಟೆಂಟ್ ಪಡೆದರು. ಗುಂಡಗೆ ಮಾಡುವ ಕೆಲಸವಷ್ಟೇ ಯಂತ್ರದ್ದು. ಕುಲುಮೆಯಿಂದ ಕಾದ ಗಾಜನ್ನು ಕಂಬಿಯ ತುದಿಗೆ ಸುತ್ತಿ ತಂದು ಯಂತ್ರದ ಮೇಲೆ ಇಳಿಬಿಡುತ್ತಿದ್ದುದು ಕೆಲಸಗಾರನ ಕೈ. ಹಾಗೆ ಇಳಿಯುವಾಗ ಗಾಜು ತಿರುಚಿಕೊಂಡು ಒಂದು ತುದಿಯಲ್ಲಿ 9ರ ಆಕಾರದ ಸುಳಿಯಾಗುತ್ತಿತ್ತು, ಕತ್ತರಿ ಬಿದ್ದ ಇನ್ನೊಂದು ತುದಿಯಲ್ಲಿ ಬಾಲದಂಥ ಗೆರೆ ಉಳಿಯುತ್ತಿತ್ತು. ಪಾರದರ್ಶಕ ಬಣ್ಣದ ಗಾಜಿನಲ್ಲಿ ಬಿಳಿ ಸುಳಿಸುಳಿಯಾಗಿ ಬೆರೆತ ಸ್ಲ್ಯಾಗ್ ಗೋಲಿಯಲ್ಲಿ ಒಂದು ಕಡೆ ಅಚ್ಚುಕಟ್ಟಾದ 9, ಎದುರಿಗೆ ಬಾಲ ಎರಡೂ ಕಂಡರೆ, 1917ರಲ್ಲಿ ಮುಚ್ಚಿದ ಎಂ.ಎಫ್. ಕ್ರಿಸ್ಟೆನ್ಸನ್ ಅಂಡ್ ಸನ್ ಕಂಪನಿಯ ಹೆಸರು ಮುಂದೆ ಬರುತ್ತದೆ. ಅಕ್ರೊ ಕೂಡ ತನ್ನ ಆರಂಭದ ದಿನಗಳಲ್ಲಿ ಕೈಯಿಂದಲೇ ಗಾಜು ಇಳಿಬಿಡುತ್ತಿತ್ತು. ಹಾಗಾಗಿ 9 ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ಕೈ ಇಳಿಬಿಟ್ಟ ಗಾಜು ಎಂಬುದಷ್ಟೇ ಖಚಿತ.

ಇದೇ ಸ್ಲ್ಯಾಗಿನಲ್ಲಿ ಬಿಳಿ ಎಳೆಗಳು ಹಕ್ಕಿಯ ಗರಿಯಂತೆ ನವಿರಾಗಿ, ಒತ್ತೊತ್ತಾಗಿ ಹರಡಿದ್ದರೆ ಪೆಲ್ಟಿಯರ್ ಎಂಬ ಕಂಪನಿಯ ಕಡೆ ನೋಡಿ, ಅದರ ವಿಷಯ ಮುಂದೆ ಬರುತ್ತದೆ. ಓರೆ ಬೆಳಕಿನಲ್ಲಿ ಈ ನವಿರು ತುಂಬ ಚೆಲುವಾಗಿ ಕಾಣುತ್ತದೆ. ಯಂತ್ರದ ಗೋಲಿಗಳಲ್ಲಿ ಇದಕ್ಕಿಂತ ಸುಂದರವಾದದ್ದನ್ನು ನಾನು ನೋಡಿಲ್ಲ.

ಅಕ್ರೊ ಅಗೇಟ್ ಆಕ್ರನ್‌ನಲ್ಲಿ ಹುಟ್ಟಿ 1914ರಲ್ಲಿ ಪಶ್ಚಿಮ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಹೋಯಿತು, 1951ರವರೆಗೆ ನಡೆಯಿತು. ಇದರ ದೊಡ್ಡ ಗುರುತು ಕಾರ್ಕ್‌ಸ್ಕ್ರೂ. ಬುಗುರಿಗೆ ಹುರಿ ಸುತ್ತಿದಂತೆ ಬಣ್ಣದ ಪಟ್ಟಿ ಒಂದು ತುದಿಯಲ್ಲಿ ಹೊರಟು, ಗೋಲಿಯನ್ನು ಸುತ್ತಿ, ಎದುರು ತುದಿಯಲ್ಲಿ ಮುಗಿಯುತ್ತದೆ. ಬಣ್ಣಗಳು ಒಂದನ್ನೊಂದು ದಾಟುವುದಿಲ್ಲ. ಕತ್ತರಿಸಿದ ಗಾಜು ರೋಲರಿಗೆ ಹೋಗುವ ಮುನ್ನ ತಿರುಗುವ ಬಟ್ಟಲೊಂದರಲ್ಲಿ ಸುತ್ತು ಪಡೆಯುತ್ತಿದ್ದುದೇ ಇದಕ್ಕೆ ಕಾರಣ. ನಿಜವಾದ ಕಾರ್ಕ್‌ಸ್ಕ್ರೂ ಹಳೆಯ ಗೋಲಿಯಲ್ಲಿ ಕಂಡರೆ ಅಕ್ರೊ ಎಂದು ಧೈರ್ಯವಾಗಿ ಬರೆಯುತ್ತೇನೆ. ಪರೀಕ್ಷೆ ಸುಲಭ. ಪೆನ್ಸಿಲಿನ ಮೊನೆಯನ್ನು ಪಟ್ಟಿಯ ಮೇಲೆ ಗಾಳಿಯಲ್ಲೇ ಹಿಡಿದು, ಗೋಲಿ ತಿರುಗಿಸುತ್ತಾ ಅದನ್ನು ಹಿಂಬಾಲಿಸಿ. ತುದಿಯಿಂದ ತುದಿಗೆ ತಡೆಯಿಲ್ಲದೆ ಹೋದರೆ ಕಾರ್ಕ್‌ಸ್ಕ್ರೂ. ಮಧ್ಯದಲ್ಲಿ ಸೀಮ್‌ಗೆ, ಅಂದರೆ ಕತ್ತರಿ ಬಿದ್ದ ಕಡೆ ಉಳಿದ ಗೆರೆಗೆ, ಬಡಿದು ನಿಂತರೆ ಅಥವಾ ಅಡ್ಡಾದಿಡ್ಡಿ ಹರಿದರೆ ಅಲ್ಲ. ಪಾರದರ್ಶಕ ಗಾಜಿನಲ್ಲಿ ಬಿಳಿಯ ನಾರುನಾರಾದ ಎಳೆಗಳ ಜೊತೆ ಇನ್ನೆರಡು ಬಣ್ಣ ಸುತ್ತಿದ್ದರೆ ಅದನ್ನು ಪಾಪೈ ಎನ್ನುತ್ತಾರೆ. ಕಾರ್ಟೂನಿನ ನಾವಿಕ ಪಾಪೈನ ಚಿತ್ರವಿದ್ದ ಪೆಟ್ಟಿಗೆಗಳಲ್ಲಿ ಅಕ್ರೊ ಇವನ್ನು ಮಾರುತ್ತಿತ್ತು.

ಇಲಿನಾಯ್‌ನ ಒಟ್ಟಾವಾದ ಪೆಲ್ಟಿಯರ್ ಗ್ಲಾಸ್ ಕಂಪನಿಯ ಬೇರು 1886ರಷ್ಟು ಹಳೆಯದು. ಗೋಲಿ ತಯಾರಿಕೆ ಶುರುವಾದದ್ದು 1920ರ ದಶಕದಲ್ಲಿ. ನ್ಯಾಷನಲ್ ಲೈನ್ ರೈನ್‌ಬೊ ಎಂಬ ಇವರ ಗೋಲಿಗಳಲ್ಲಿ ಎದುರುಬದುರು ಎರಡು ಸೀಮ್ ಇರುತ್ತವೆ, ಒಂದು ಸೀಮ್‌ನಿಂದ ಇನ್ನೊಂದಕ್ಕೆ ತೆಳುವಾದ ರಿಬ್ಬನ್‌ಗಳು ಸಾಲಾಗಿ ಓಡುತ್ತವೆ. ಬಿಳಿಯ ಮೇಲೆ ಕೆಂಪು, ಹಸಿರು ಇದ್ದರೆ ಕ್ರಿಸ್ಮಸ್ ಟ್ರೀ. ನೀಲಿಯ ಮೇಲೆ ಕೆಂಪು, ಹಳದಿ ಇದ್ದರೆ ಸೂಪರ್‌ಮ್ಯಾನ್. ಈ ಹೆಸರುಗಳನ್ನು ಇಟ್ಟವರು ಸಂಗ್ರಹಕಾರರು. ಕಪ್ಪು ರಿಬ್ಬನ್ನಿನೊಳಗೆ ಟಾರ್ಚಿನ ಬೆಳಕಿಗೆ ಲೋಹದ ಹುಡಿಯಂತೆ ಮಿನುಗು ಕಂಡರೆ ಪೆಲ್ಟಿಯರ್ ಪಕ್ಷ ಇನ್ನಷ್ಟು ಗಟ್ಟಿಯಾಗುತ್ತದೆ.

ಕ್ರಿಸ್ಟೆನ್ಸನ್ ಅಗೇಟ್ ಕಂಪನಿಯನ್ನು ಎಂ.ಎಫ್. ಕ್ರಿಸ್ಟೆನ್ಸನ್ ಜೊತೆ ಸೇರಿಸಬೇಡಿ. ಎರಡಕ್ಕೂ ಸಂಬಂಧವಿಲ್ಲ. ಇದು 1925ರಲ್ಲಿ ಒಹಾಯೊದ ಪೇನ್‌ನಲ್ಲಿ ಶುರುವಾಗಿ, 1927ರಲ್ಲಿ ಅದೇ ರಾಜ್ಯದ ಕೇಂಬ್ರಿಜ್‌ಗೆ ಹೋಗಿ, 1930ರ ದಶಕದ ಆರಂಭದಲ್ಲೇ ಮುಚ್ಚಿತು. ಬದುಕಿದ್ದು ಕೆಲವೇ ವರ್ಷವಾದ್ದರಿಂದ ಗೋಲಿಗಳೂ ಕಡಿಮೆ, ಬೆಲೆಯೂ ಜಾಸ್ತಿ. ಅದಕ್ಕೇ ಎಲ್ಲರಿಗೂ ತಮ್ಮ ಹೊಳೆಯುವ ಗೋಲಿ ಈ ಕಂಪನಿಯದಾಗಿರಲಿ ಎಂಬ ಆಸೆ. ಬಣ್ಣ ಕೊನೆಗೆ ಎಂಬ ನನ್ನ ನಿಯಮ ಇಲ್ಲಿ ಸ್ವಲ್ಪ ಸಡಿಲವಾಗುತ್ತದೆ, ಏಕೆಂದರೆ ಇವರ ಕೆಲವು ಬಣ್ಣಗಳು ಕಣ್ಣು ಕೋರೈಸುವಷ್ಟು ತೀಕ್ಷ್ಣ. ಸಂಗ್ರಹಕಾರರು ಅವನ್ನು ಎಲೆಕ್ಟ್ರಿಕ್ ಎನ್ನುತ್ತಾರೆ. ಆದರೂ ಲೂಪಿನಲ್ಲಿ ಬಣ್ಣದ ಅಂಚನ್ನು ನೋಡಿ. ಎರಡು ಬಣ್ಣ ಕೂಡುವಲ್ಲಿ ಅವು ಬೆರೆಯದೆ ಚೂಪಾಗಿ ನಿಂತಿವೆಯೇ? ಬೆಂಕಿಯ ನಾಲಗೆಗಳಂಥ ಮೊನೆಗಳಿವೆಯೇ? ಆಗ ಆ ಹೆಸರನ್ನು ಯೋಚಿಸಬಹುದು. ಪಾರದರ್ಶಕ ಅಥವಾ ಕಡುನೀಲಿ ಗಾಜಿನ ಮೈತುಂಬ ಬಣ್ಣಬಣ್ಣದ ಚುಕ್ಕೆ ಹರಡಿದ ಗಿನಿ ಗೋಲಿ ಇವರದೇ. ಅದು ಅಪರೂಪ, ನಕಲು ಮಾಡುವವರಿಗೂ ಬಲು ಇಷ್ಟ.

ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. ಮಾಸ್ಟರ್ ಗೋಲಿಯ ತುದಿಯಲ್ಲಿ ಚಿವುಟಿ ಮಡಿಸಿದಂಥ ಸುಕ್ಕು ಕಾಣುವುದುಂಟು. 1932ರಲ್ಲಿ ಪಾರ್ಕರ್ಸ್‌ಬರ್ಗ್‌ನಲ್ಲಿ ಶುರುವಾದ ವಿಟ್ರೊ ಅಗೇಟ್‌ನ ಗೋಲಿಗಳಲ್ಲಿ ಬಣ್ಣ ತೆಳುವಾದ ಪದರವಾಗಿ ಮೇಲೆ ಮಾತ್ರ ಇರುತ್ತದೆ, ತುದಿಯಲ್ಲಿ ಹಲವು ಸಲ ಇಂಗ್ಲಿಷ್ ವಿ ಅಕ್ಷರದ ಆಕಾರ ಸಿಗುತ್ತದೆ. ಮಾರ್ಬಲ್ ಕಿಂಗ್ 1949ರಲ್ಲಿ ಸೇಂಟ್ ಮೇರೀಸ್‌ನಲ್ಲಿ ಶುರುವಾಗಿ 1958ರ ಬೆಂಕಿ ಅನಾಹುತದ ನಂತರ ಪೇಡನ್ ಸಿಟಿಗೆ ಹೋಯಿತು. ಒಂದು ಬಣ್ಣದ ದೊಡ್ಡ ಪ್ಯಾಚ್, ಪಕ್ಕದಲ್ಲಿ ಎರಡನೆಯ ಬಣ್ಣದ ರಿಬ್ಬನ್, ಮತ್ತೆ ಮೊದಲನೆಯದರ ರಿಬ್ಬನ್, ಆಮೇಲೆ ಎರಡನೆಯದರ ಪ್ಯಾಚ್ ಎಂಬ ಕ್ರಮ ಇದರದು. ಒಳಗೆ ಎಲೆಯಂಥ ಬಣ್ಣದ ಹಾಳೆಗಳಿರುವ ಕ್ಯಾಟ್ಸ್ ಐ ಗೋಲಿ ಸಿಕ್ಕಿದರೆ 1950ಕ್ಕಿಂತ ಹಿಂದಿನದು ಎನ್ನಬೇಡಿ. ಜಪಾನಿನಿಂದ ಅವು ಅಮೆರಿಕಕ್ಕೆ ನುಗ್ಗಿದ್ದು 1950ರ ದಶಕದ ಆರಂಭದಲ್ಲಿ. ಅಮೆರಿಕದ ಕಂಪನಿಗಳು ಆಮೇಲೆ ಅದನ್ನು ಹಿಂಬಾಲಿಸಿದವು. ಗಾಜಿಗೇ ಬಾಟಲಿಯ ತಿಳಿಹಸಿರು ಛಾಯೆಯಿದ್ದರೆ ಅದು ಏಷ್ಯಾದಿಂದ ಬಂದದ್ದಾಗಿರುವ ಸಾಧ್ಯತೆ ಹೆಚ್ಚು.

ಇನ್ನುಳಿದದ್ದು ದೊಡ್ಡ ಗುಂಪು: ಬಿಳಿ ಅಥವಾ ಬಣ್ಣದ ಗಾಜಿನಲ್ಲಿ ಇನ್ನೊಂದು ಬಣ್ಣ ಅಡ್ಡಾದಿಡ್ಡಿ ಹರಿದ ಸ್ವರ್ಲ್ ಗೋಲಿಗಳು. ರೇವನ್ಸ್‌ವುಡ್, ಆಲಿ, ಹೀಟನ್, ಕೈರೊ, ಚಾಂಪಿಯನ್, ಎಲ್ಲರೂ ಪಶ್ಚಿಮ ವರ್ಜೀನಿಯಾದವರು, ಎಲ್ಲರೂ ಸ್ವರ್ಲ್ ಮಾಡಿದವರು. ಯಂತ್ರಗಳೂ ಕೈ ಬದಲಿಸಿದವು. ಲಾರೆನ್ಸ್ ಆಲಿ ಅವರ ಸೇಂಟ್ ಮೇರೀಸ್ ಕಾರ್ಖಾನೆಯನ್ನು ಕೊಂಡೇ ಮಾರ್ಬಲ್ ಕಿಂಗ್ ಶುರುವಾದದ್ದು. ಹಳೆಯ ಕಾರ್ಖಾನೆಗಳ ನೆಲ ಅಗೆದಾಗ ಸಿಕ್ಕ ತಿರಸ್ಕೃತ ಗೋಲಿಗಳು, ಒಡಕು ಚೂರುಗಳು ಈ ಗೋಜಲನ್ನು ಎಷ್ಟೋ ಬಿಡಿಸಿವೆ. ಹಾಗೆ ಅಗೆದು ಸಿಕ್ಕಿದ್ದರ ಜೊತೆ ಹೋಲಿಸಲು ಸಾಧ್ಯವಾದರೆ ಮಾತ್ರ ನಾನು ಹೆಸರು ಬರೆಯುತ್ತೇನೆ. ಇಲ್ಲದಿದ್ದರೆ ಚೀಟಿಯಲ್ಲಿ 'ಪಶ್ಚಿಮ ವರ್ಜೀನಿಯಾ ಸ್ವರ್ಲ್' ಎಂದಷ್ಟೇ ಇರುತ್ತದೆ. ಅದು ಪೂರ್ಣ ಉತ್ತರವೇ. ಊಹೆಯ ಹೆಸರನ್ನು ಖಚಿತವೆಂದು ಬರೆದರೆ, ನಾಳೆ ಆ ಗೋಲಿ ಕೊಂಡವರು ಅದನ್ನೇ ಪ್ರಮಾಣವಾಗಿಟ್ಟುಕೊಂಡು ಇನ್ನೊಂದಕ್ಕೆ ಅದೇ ಹೆಸರು ಬರೆಯುತ್ತಾರೆ. ಗೋಲಿಯ ಇತಿಹಾಸ ಕೆಡುವುದು ಹೀಗೆಯೇ. ಇದರ ಬಗ್ಗೆ ನನಗೆ ನಿಜವಾದ ಕಳವಳವಿದೆ.

ಹಳದಿ ಕಪ್ಪು ಗೋಲಿ: ಒಂದು ಉದಾಹರಣೆ

ಈಗ ನನ್ನ ಮೇಜಿನ ಮೇಲೆ ಎರಡು ಹಳದಿ ಕಪ್ಪು ಗೋಲಿಗಳಿವೆ. ಎರಡೂ 16 ಮಿ.ಮೀ. ಆಸುಪಾಸು. ಎರಡನ್ನೂ ಸಂಗ್ರಹಕಾರರು ಬಂಬಲ್‌ಬೀ ಎಂದೇ ಕರೆಯುತ್ತಾರೆ. ಬಣ್ಣ ನೋಡಿದರೆ ಒಂದೇ ಮನೆಯ ಮಕ್ಕಳು.

ಮೊದಲನೆಯದನ್ನು ಮುಚ್ಚಳದ ಮೇಲೆ ಕೂರಿಸಿ ತಿರುಗಿಸಿದೆ. ಎರಡು ಸೀಮ್ ಸಿಕ್ಕವು. ವೃತ್ತದೊಳಗೆ ಬರೆದುಕೊಂಡೆ: ಹಳದಿ ಇಡೀ ಮೈಯ ಬಣ್ಣ, ಅದರ ಮೇಲೆ ಕಪ್ಪು ಹಲವು ಸಣ್ಣ ರಿಬ್ಬನ್‌ಗಳಾಗಿ ಸೀಮ್‌ನಿಂದ ಸೀಮ್‌ಗೆ ಹೋಗಿದೆ. ಟಾರ್ಚನ್ನು ಕಪ್ಪಿಗೆ ಹತ್ತಿರ ಹಿಡಿದಾಗ ಒಳಗೆ ಸಣ್ಣ ಮಿನುಗು. ಇದು ಪೆಲ್ಟಿಯರ್. ಎರಡನೆಯದರಲ್ಲೂ ಎರಡು ಸೀಮ್. ಆದರೆ ಚಿತ್ರ ಬೇರೆ: ಒಂದು ಕಡೆ ಹಳದಿಯ ದೊಡ್ಡ ಪ್ಯಾಚ್, ಎದುರಿಗೆ ಕಪ್ಪಿನ ದೊಡ್ಡ ಪ್ಯಾಚ್, ನಡುವೆ ಒಂದು ಕಪ್ಪು ರಿಬ್ಬನ್, ಒಂದು ಹಳದಿ ರಿಬ್ಬನ್. ಮಿನುಗಿಲ್ಲ. ಅಂಚಿನಲ್ಲಿ ಚೂರು ಎದ್ದ ಕಡೆ ಬಣ್ಣದ ಪದರದ ಕೆಳಗೆ ಬಿಳಿ ಇಣುಕುತ್ತಿದೆ. ಇದು ಮಾರ್ಬಲ್ ಕಿಂಗ್. ಮೊದಲನೆಯದಕ್ಕಿಂತ ತೀರ ಈಚಿನದು, ಬೆಲೆಯಲ್ಲಿ ಅದರ ಹತ್ತಿರವೂ ಸುಳಿಯದು. ಫೋಟೊದಲ್ಲಿ ಒಂದೇ ಬದಿ ತೋರಿಸಿದರೆ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಆದ್ದರಿಂದ ಯಾರಾದರೂ ಗೋಲಿ ಮಾರಲು ಒಂದೇ ಫೋಟೊ ಕಳಿಸಿದರೆ ಎರಡು ತುದಿ, ಎರಡು ಪಕ್ಕ ಸೇರಿ ನಾಲ್ಕು ಫೋಟೊ ಕೇಳಿ ಪಡೆಯಿರಿ.

ನಕಲು, ಪಾಲಿಶ್, ನೇರಳಾತೀತ ದೀಪ

ಪಾಲಿಶ್ ಮಾಡಿದ ಗೋಲಿಯ ಹೊಳಪು ಎಲ್ಲ ಕಡೆ ಒಂದೇ ಸಮ ಇರುತ್ತದೆ, ಸೀಮ್‌ನ ಸುಕ್ಕು ಮಾಯವಾಗಿರುತ್ತದೆ, ಮೇಲ್ಮೈಯ ಬಣ್ಣ ಅಲ್ಲಲ್ಲಿ ತೆಳುವಾಗಿ ಸವೆದಿರುತ್ತದೆ. ಕ್ಯಾಲಿಪರಿನಲ್ಲಿ ಮೂರು ದಿಕ್ಕಿನಿಂದ ಅಳೆಯಿರಿ. ಕೈ ಗೋಲಿ ಸ್ವಲ್ಪ ಹೆಚ್ಚುಕಡಿಮೆ ಇರುವುದು ಸಹಜ. ಯಂತ್ರದ ಗೋಲಿ ಒಂದು ದಿಕ್ಕಿನಲ್ಲಿ ಮಾತ್ರ ಸಣ್ಣದಾಗಿದ್ದರೆ ಉಜ್ಜಿರುವ ಸಂಶಯ ಬರಬೇಕು.

ಪೆಲ್ಟಿಯರ್ 1930ರ ದಶಕದಲ್ಲಿ ಕಾಮಿಕ್ ಪಾತ್ರಗಳ ಚಿತ್ರವಿರುವ ಗೋಲಿಗಳನ್ನು ಮಾಡಿತು. ಬೆಟ್ಟಿ ಬೂಪ್, ಆಂಡಿ ಗಂಪ್ ಸೇರಿ ಒಟ್ಟು 12 ಪಾತ್ರಗಳು. ಇವಕ್ಕೆ ನಕಲು ಬಹಳ. ಚಿತ್ರವನ್ನು ನೋಡುವ ಮೊದಲು ಅದು ಕೂತಿರುವ ಗೋಲಿಯನ್ನು ನೋಡಿ. ಅಸಲಿ ಚಿತ್ರ ಇರುವುದು ಪೆಲ್ಟಿಯರ್‌ನದೇ ಎರಡು ಬಣ್ಣದ ಪ್ಯಾಚ್ ಗೋಲಿಯ ಮೇಲೆ. ಕೆಳಗಿನ ಗೋಲಿ ಮಾರ್ಬಲ್ ಕಿಂಗ್‌ನದೋ ಕ್ಯಾಟ್ಸ್ ಐಯೋ ಆಗಿದ್ದರೆ ಮೇಲಿನ ಚಿತ್ರ ಎಷ್ಟೇ ಹಳೆಯದಾಗಿ ಕಂಡರೂ ಬಿಟ್ಟುಬಿಡಿ.

ನೇರಳಾತೀತ ಟಾರ್ಚ್ ಹಿಡಿದರೆ ಯುರೇನಿಯಂ ಸೇರಿದ ಗಾಜು ಪ್ರಖರ ಹಸಿರಾಗಿ ಬೆಳಗುತ್ತದೆ. ನೋಡಲು ಮನಸ್ಸು ತುಂಬುತ್ತದೆ. ತಯಾರಕರನ್ನು ಮಾತ್ರ ಅದು ಹೇಳುವುದಿಲ್ಲ, ಏಕೆಂದರೆ ಯುರೇನಿಯಂ ಗಾಜು ಬಳಸಿದ ಕಂಪನಿಗಳು ಒಂದಕ್ಕಿಂತ ಹೆಚ್ಚು. ಬೆಳಗಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮುಂದೆ ಹೋಗಿ. ಪೆಟ್ಟಿಗೆ, ಚೀಲಗಳ ವಿಷಯದಲ್ಲೂ ಅಷ್ಟೇ ಬಿಗುಪು ಬೇಕು. ಕಂಪನಿಗಳು ಒಬ್ಬರ ಸರಕನ್ನು ಇನ್ನೊಬ್ಬರಿಂದ ಕೊಂಡು ತಮ್ಮ ಚೀಲದಲ್ಲಿ ತುಂಬಿದ್ದುಂಟು. ಖಾಲಿ ಪೆಟ್ಟಿಗೆಗೆ ಈಚೆಗೆ ಬೇರೆ ಗೋಲಿ ತುಂಬಿ ಮಾರುವವರೂ ಇದ್ದಾರೆ.

ಎಲ್ಲ ಆದ ಮೇಲೆ ಚೀಟಿ ಬರೆಯಿರಿ. ನಾನು ಬರೆಯುವುದು ಹೀಗೆ: ಮೇಲೆ ಅಳತೆ ಮಿಲಿಮೀಟರಿನಲ್ಲಿ, ಅದರ ಕೆಳಗೆ ಎರಡು ತುದಿಯ ಚಿತ್ರ, ಆಮೇಲೆ ಗಾಜು ಪಾರದರ್ಶಕವೋ ಅಲ್ಲವೋ, ಆಮೇಲೆ ಬಣ್ಣ, ಪೆಟ್ಟು ಬಿದ್ದ ಜಾಗಗಳು. ತಯಾರಕರ ಹೆಸರು ಕೊನೆಯ ಸಾಲು, ಅದರ ಮುಂದೆ 'ಖಚಿತ', 'ಬಹುಶಃ' ಅಥವಾ 'ಪ್ರದೇಶ ಮಾತ್ರ'. ಹೆಸರನ್ನು ಪೆನ್ಸಿಲಿನಲ್ಲೇ ಬರೆಯಿರಿ, ಹೊಸ ಸಾಕ್ಷಿ ಬಂದ ದಿನ ಆ ಒಂದು ಸಾಲನ್ನು ಅಳಿಸಿ ತಿದ್ದಿದರೆ ಸಾಕಾಗುತ್ತದೆ.